ಗ್ಯಾಸ್ ಗೀಸರ್ ಹತ್ತಿ ಹತ್ತಿ ಆರುತ್ತಿತ್ತು, ತಪ್ಪು ಒಂದು ಸಣ್ಣ ಕಡ್ಡಿಯದು

ಬೆಳಗಾವಿಯ ಡಿಸೆಂಬರ್ ಚಳಿ ಗೊತ್ತಲ್ವಾ? ಅವತ್ತು ಬೆಳಿಗ್ಗೆ ಆರಕ್ಕೆ ನಲ್ಲಿ ತಿರುಗಿಸಿದೆ, ಟಿಕ್ ಟಿಕ್ ಅಂತ ಕಿಡಿ ಬಂತು, ಉರಿ ಹತ್ತಿತು, ನಾಲ್ಕು ಎಣಿಸೋದ್ರೊಳಗೆ ಆರಿಹೋಯಿತು. ಮತ್ತೆ ತಿರುಗಿಸಿದರೂ ಅದೇ. ಅವ್ವ ಟವೆಲ್ ಹಿಡಿದು ನಿಂತಿದ್ದಳು. "ಹಂಡೇಕ ಬೆಂಕಿ ಹಾಕಿದ್ರ ಇಷ್ಟೊತ್ತಿಗೆ ಆಗತಿತ್ತು ನೋಡ" ಅಂದಳು.

ಸಿಲಿಂಡರ್ ಖಾಲಿ ಆಗಿರಲಿಲ್ಲ, ಅದೇ ಸಿಲಿಂಡರಿನ ಮೇಲೆ ಒಲೆ ಚೆನ್ನಾಗಿಯೇ ಉರಿಯುತ್ತಿತ್ತು. ಕಿಡಿಗೆ ಬೇಕಾದ 1.5 ವೋಲ್ಟಿನ ಎರಡು ದಪ್ಪ ಸೆಲ್ ಹೊಸದು ಹಾಕಿದೆ. ಫಲ ಇಲ್ಲ. ಆಮೇಲೆ ನೀರು ಬರುವ ಕಡೆಯ ಜಾಲರಿ ಬಿಚ್ಚಿದೆ, ಟ್ಯಾಂಕಿನ ಮರಳು ತುಂಬಿತ್ತು. ಈ ಗೀಸರಿಗೆ ನೀರಿನ ರಭಸ ಬೇಕೇ ಬೇಕು: ನೀರು ಜೋರಾಗಿ ಹರಿದಾಗ ಒಳಗಿನ ಡಯಾಫ್ರಮ್ ಅನ್ನೋ ತೆಳು ರಬ್ಬರ್ ಪೊರೆ ಸ್ವಿಚ್ ಒತ್ತುತ್ತದೆ, ಆಗಲೇ ಕಿಡಿಯೂ ಗ್ಯಾಸೂ ಶುರುವಾಗೋದು. ತೊಳೆದ ಮೇಲೆ ನೀರೇನೋ ಜೋರಾಯಿತು, ಉರಿ ಮಾತ್ರ ನಿಲ್ಲಲಿಲ್ಲ.

ಮೆಕ್ಯಾನಿಕ್ ಬಂದವರು ಬರ್ನರ್ ನೋಡದೆಯೇ "ಹೊಸದು ತಗೊಳ್ರಿ" ಅಂದು ಹೋದರು. ನನಗೆ ಸಮಾಧಾನ ಆಗಲಿಲ್ಲ. ಹತ್ತಿದ ಮೇಲೆ ಆರುತ್ತದೆ ಅಂದರೆ ಕಿಡಿಯೂ ಸರಿ, ಗ್ಯಾಸೂ ಸರಿ. ಉರಿ ಇದೆ ಅನ್ನೋದೇ ಗೀಸರಿಗೆ ತಿಳೀತಿಲ್ಲ ಅಲ್ವಾ?

ರೆಗ್ಯುಲೇಟರ್ ಬಂದ್ ಮಾಡಿ, ಸೆಲ್ ತೆಗೆದು, ಮುಂದಿನ ಕವರ್ ಬಿಚ್ಚಿದೆ. ಬರ್ನರ್ ಮೇಲೆ ಎರಡು ಕಡ್ಡಿಗಳಿದ್ದವು. ಒಂದು ಕಿಡಿಯದು, ಇನ್ನೊಂದು ಉರಿ ಇದೆಯಾ ಅಂತ ನೋಡುವ ಸೆನ್ಸರ್. ಉರಿಯ ಮೂಲಕ ತೀರಾ ಸಣ್ಣ ಕರೆಂಟ್ ಹರಿಯುತ್ತದೆ, ಅದು ಸಿಗದಿದ್ದರೆ ಗೀಸರಿನ ಕಂಟ್ರೋಲ್ ಬೋರ್ಡು ಗ್ಯಾಸ್ ಬಂದ್ ಮಾಡಿಬಿಡುತ್ತದೆ. ಆ ಸೆನ್ಸರ್ ಮೇಲೆ ಕರೀ ಮಸಿ ಕೂತಿತ್ತು. ನುಣುಪಾದ ಪಾಲಿಶ್ ಪೇಪರಿನಿಂದ ಮೆಲ್ಲಗೆ ಉಜ್ಜಿದೆ. ಕಡ್ಡಿ ಬಗ್ಗಿಸಬೇಡಿ, ಉರಿಯೊಳಗೇ ಇರಬೇಕು ಅದು. ವೈರಿನ ಸಡಿಲ ಪಿನ್ನನ್ನೂ ಒತ್ತಿ ಕೂಡಿಸಿದೆ.

ಕೆಲವರು ಈ ಸೆನ್ಸರನ್ನೇ ಬೈಪಾಸ್ ಮಾಡಿಸುತ್ತಾರೆ. ದಯವಿಟ್ಟು ಬೇಡ. ಉರಿ ಆರಿದರೂ ಗ್ಯಾಸ್ ಬರುತ್ತಲೇ ಇರುತ್ತದೆ. ಬಚ್ಚಲ ಮನೆಯೊಳಗೆ ಗೀಸರ್ ಇದ್ದವರಂತೂ ಮೊದಲು ಅದನ್ನು ಹೊರಗೆ ಹಾಕಿಸಿ. ಮುಚ್ಚಿದ ಜಾಗದಲ್ಲಿ ಗಾಳಿ ಸಾಲದೆ ಉರಿದರೆ ಬರುವ ಕಾರ್ಬನ್ ಮೊನಾಕ್ಸೈಡ್ ಅನ್ನೋ ವಿಷಾನಿಲಕ್ಕೆ ವಾಸನೆಯೇ ಇಲ್ಲ, ಒಳಗಿದ್ದವರಿಗೆ ಗೊತ್ತಾಗೋದೇ ಇಲ್ಲ. ನಮ್ಮದು ಹಿತ್ತಲ ಗೋಡೆಗಿದೆ.

ರೆಗ್ಯುಲೇಟರ್ ಆನ್ ಮಾಡಿ ಪೈಪಿನ ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ ನೋಡಿದೆ, ಗುಳ್ಳೆ ಏಳಲಿಲ್ಲ. ನಲ್ಲಿ ತಿರುಗಿಸಿದೆ. ನೀಲಿ ಉರಿ ನಿಂತಿತು. ಎರಡು ಬಕೆಟ್ ತುಂಬುವ ತನಕ ಅಲ್ಲೇ ನಿಂತು ನೋಡಿ, ಆಮೇಲೆ ಅವ್ವನನ್ನು ಕರೆದೆ.