‘ವಶಪಡಿಸಿಕೊಳ್ಳು’ ಎಂಬ ಕ್ರಿಯಾಪದವನ್ನು ಬಳಸುವ ಬಗೆ

ಕಾಸರಗೋಡಿನಲ್ಲಿ ಕನ್ನಡದಲ್ಲಿ ಅರ್ಜಿ ಬರೆಯುವವರು, ಮಲಯಾಳದ ನೋಟೀಸುಗಳನ್ನು ಕನ್ನಡಕ್ಕೆ ತರುವವರು, ಪತ್ರಿಕೆಗೆ ವರದಿ ಕಳುಹಿಸುವವರು ‘ವಶಪಡಿಸಿಕೊಳ್ಳು’ ಎಂದು ಬರೆಯುವ ಮುನ್ನ ಯಾರು ಪಡೆದರು, ಯಾರಿಂದ ಪಡೆದರು, ಪಡೆಯುವ ಹಕ್ಕು ಅವರಿಗಿತ್ತೇ ಎಂಬುದನ್ನು ವಿಚಾರಿಸಿಕೊಳ್ಳಬೇಕು. ಕೊನೆಯ ಪ್ರಶ್ನೆಗೆ ಈ ಪದದಲ್ಲಿ ಉತ್ತರವಿಲ್ಲ. ಪೊಲೀಸರು ಹಿಡಿದ ಮರಳಿನ ಲಾರಿಗೂ ದಂಡೆತ್ತಿ ಬಂದ ಅರಸ ಗೆದ್ದ ಕೋಟೆಗೂ ಇದು ಸಮನಾಗಿ ಸಲ್ಲುತ್ತದೆ.

‘ವಶ’, ‘ಪಡಿಸು’, ‘ಕೊಳ್ಳು’ ಎಂಬ ಮೂರು ಅಂಗಗಳಲ್ಲಿ ‘ಕೊಳ್ಳು’ ಎಂಬುದು ಹಿಡಿತವು ಕರ್ತೃವಿಗೇ ಸಿಕ್ಕಿತೆಂದು ತಿಳಿಸುತ್ತದೆ. ಆದ್ದರಿಂದ ಇನ್ನೊಬ್ಬರಿಗೆ ಕೊಡುವಾಗ ‘ವಶಕ್ಕೆ ಒಪ್ಪಿಸು’ ಎನ್ನಬೇಕು; ಕರ್ತೃವಿನ ಬಲಪ್ರಯೋಗವನ್ನು ಎತ್ತಿ ಹೇಳಬೇಕಿಲ್ಲದಾಗ ‘ಕೈಸೇರಿತು’ ಅಥವಾ ‘ಅಧೀನಕ್ಕೆ ಬಂತು’ ಸಾಕು. ಹೈದರಾಲಿಯು 1763ರಲ್ಲಿ ಕೆಳದಿಯ ಅರಸರ ರಾಜಧಾನಿಯಾದ ಬಿದನೂರನ್ನು ವಶಪಡಿಸಿಕೊಂಡನು. ಆ ಅರಸರದೇ ಆಗಿದ್ದ, ಕಾಸರಗೋಡು ಸೀಮೆಯ ಬೇಕಲ ಕೋಟೆಯೂ ಮೈಸೂರಿನ ಕೈಸೇರಿತು. 1799ರಲ್ಲಿ ಟಿಪ್ಪು ಮಡಿದ ಮೇಲೆ ಅದು ಈಸ್ಟ್ ಇಂಡಿಯಾ ಕಂಪೆನಿಯ ಅಧೀನಕ್ಕೆ ಬಂತು. ಆದರೆ 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ್ದು ರಾಜ್ಯ ಪುನರ್ವಿಂಗಡಣೆಯ ಕಾನೂನಿನ ಮೂಲಕ. ಇಲ್ಲಿನ ಕನ್ನಡಿಗರಾದ ನಮ್ಮ ನೋವು ಎಷ್ಟೇ ನಿಜವಾದರೂ ಅಲ್ಲಿ ‘ಸೇರ್ಪಡೆ’ ಎಂಬುದೇ ಸರಿಯಾದ ಮಾತು. ನೋವನ್ನು ಬೇರೆ ವಾಕ್ಯದಲ್ಲಿ ಹೇಳಲು ಯಾವ ಅಡ್ಡಿಯೂ ಇಲ್ಲ.

ಹೆಚ್ಚು ಎಚ್ಚರ ಬೇಕಾದದ್ದು ಜಮೀನಿನ ಕಾಗದಪತ್ರಗಳಲ್ಲಿ. ಮಲಯಾಳದ ದಾಖಲೆಗಳಲ್ಲಿ ಬರುವ ‘ಕೈವಶಂ’ ಎಂದರೆ ಭೂಮಿಯು ಒಬ್ಬರ ಅನುಭೋಗದಲ್ಲಿದೆ ಎಂದಷ್ಟೇ ಅರ್ಥ. ಕನ್ನಡದಲ್ಲಿ ‘ಕೈವಶ ಮಾಡಿಕೊಂಡರು’ ಎಂದರೆ ಗೆದ್ದೋ ಕಸಿದೋ ಪಡೆದರೆಂಬ ಧ್ವನಿ ಬರುತ್ತದೆ. ತಲೆಮಾರುಗಳಿಂದ ಅಡಿಕೆ ತೋಟ ಮಾಡಿಕೊಂಡು ಬಂದವರ ಅರ್ಜಿಯಲ್ಲಿ ‘ಈ ಸ್ಥಳವನ್ನು ನಾವು ವಶಪಡಿಸಿಕೊಂಡಿದ್ದೇವೆ’ ಎಂದು ಬರೆದರೆ, ಹಕ್ಕು ಕೇಳಲು ಹೋದವರೇ ಆಕ್ರಮಣವನ್ನು ಒಪ್ಪಿಕೊಂಡಂತೆ ಕಾಣುತ್ತದೆ. ‘ಈ ಸ್ಥಳವು ನಮ್ಮ ಸ್ವಾಧೀನದಲ್ಲಿದೆ’ ಎಂದು ಬರೆಯಿರಿ. ರಾಷ್ಟ್ರೀಯ ಹೆದ್ದಾರಿ 66ರ ಅಗಲೀಕರಣದಂತಹ ಕಾಮಗಾರಿಗೆ ಸರಕಾರವು ಪರಿಹಾರ ಕೊಟ್ಟು ಭೂಮಿ ಪಡೆಯುವುದು ‘ಭೂಸ್ವಾಧೀನ’. ಪುರಂಬೋಕು, ಅಂದರೆ ಸರಕಾರಿ, ಜಾಗಕ್ಕೆ ಬೇಲಿ ಸರಿಸುವುದು ‘ಒತ್ತುವರಿ’ ಅಥವಾ ‘ಅತಿಕ್ರಮಣ’. ಸಾಲದ ಬಾಕಿಗಾಗಿ ಕಾನೂನಿನ ಪ್ರಕಾರ ಆಸ್ತಿಯನ್ನು ಹಿಡಿದಿಡುವುದು ‘ಜಪ್ತಿ’. ‘ಕಬಳಿಸು’ ಎಂಬುದು ತುತ್ತು ಎಂಬರ್ಥದ ‘ಕಬಳ’ದಿಂದ ಬಂದ, ಆರೋಪವನ್ನೇ ಹೊತ್ತ ಪದವಾದ್ದರಿಂದ ಸಾಕ್ಷ್ಯವಿಲ್ಲದೆ ಅದನ್ನು ದೂರಿನಲ್ಲಿ ಬರೆಯಬಾರದು.

ವ್ಯಕ್ತಿಗಳ ವಿಷಯದಲ್ಲಿ ‘ಆರೋಪಿಯನ್ನು ವಶಕ್ಕೆ ಪಡೆದರು’ ಎನ್ನುವುದು ರೂಢಿ. ‘ವಶೀಕರಿಸು’ ಎಂಬುದು ಮನಸ್ಸನ್ನು ಮರುಳುಗೊಳಿಸುವುದಕ್ಕೆ ಮೀಸಲು.

‘ವಶಪಡಿಸಿಕೊಳ್ಳಲಾಗಿದೆ’ ಎಂಬ ಕರ್ಮಣಿ ರೂಪವನ್ನು ಕಚೇರಿಯ ಬರಹದಲ್ಲಿ ಧಾರಾಳವಾಗಿ ಬಳಸುತ್ತಾರೆ. ವಸ್ತುವನ್ನು ಕಳೆದುಕೊಂಡವರಿಗೆ ಅದರಿಂದ ಯಾರನ್ನು ಕೇಳಬೇಕೆಂಬುದೇ ತಿಳಿಯುವುದಿಲ್ಲ. ಆದ್ದರಿಂದ ಅನುವಾದಿಸುವವರು ಮೂಲದಲ್ಲಿ ಅಧಿಕಾರಿಯ ಹುದ್ದೆ, ದಿನಾಂಕ, ಸ್ಥಳಗಳು ಎಲ್ಲಿದ್ದರೂ ಹುಡುಕಿ, ಆ ಕ್ರಿಯಾಪದವಿರುವ ವಾಕ್ಯದಲ್ಲೇ ಸೇರಿಸಬೇಕು.