ಅರ್ಧಕ್ಕೆ ನಿಂತ ಹೆಣಿಗೆಯನ್ನು ಮತ್ತೆ ಕೈಗೆತ್ತಿಕೊಳ್ಳುವುದು ಹೇಗೆ?

ಬೀರುವಿನ ಮೂಲೆಯಿಂದ ಹಳೆಯ ಹೆಣಿಗೆಯನ್ನು ಹೊರತೆಗೆದು, ನಿಂತಿದ್ದ ಜಾಗದಿಂದಲೇ ಅವಸರವಾಗಿ ಮುಂದುವರಿಸಲು ಕೂರುವವರನ್ನು ನಾನು ಸಾಕಷ್ಟು ನೋಡಿದ್ದೇನೆ. ನಾಲ್ಕಾರು ಸಾಲು ಮುಗಿಯುವಷ್ಟರಲ್ಲಿ ವಿನ್ಯಾಸದ ಲೆಕ್ಕ ತಪ್ಪುತ್ತದೆ, ಸ್ವೆಟರು ಮತ್ತೆ ಚೀಲ ಸೇರುತ್ತದೆ. ಹಾಗೆ ಎರಡನೆಯ ಸಲ ಒಳಗೆ ಹೋದದ್ದು ಹೊರಗೆ ಬರುವುದು ಅಪರೂಪ. ಇದಕ್ಕೆ ಸೋಮಾರಿತನವೆಂದು ತಮ್ಮನ್ನೇ ಬೈದುಕೊಳ್ಳುವವರೇ ಹೆಚ್ಚು. ಆದರೆ ಉತ್ಸಾಹ ಬತ್ತುವುದು ಸಾಮಾನ್ಯವಾಗಿ ಒಂದು ನಿರ್ದಿಷ್ಟ ಸಾಲಿನಲ್ಲಿ: ಲೆಕ್ಕಕ್ಕೆ ಸಿಗದ ಒಂದು ಕುಣಿಕೆ, ಅರ್ಥವಾಗದ ಕತ್ತಿನ ಭಾಗ, ಸಾಲದೆ ಬಂದ ನೂಲು ಅಥವಾ ಅಳತೆ ತಪ್ಪಿತೆಂಬ ಅನುಮಾನ. ಆ ಸಾಲನ್ನು ಹುಡುಕುವುದೇ ಇಲ್ಲಿನ ಮುಖ್ಯ ಕೆಲಸ.

ಮೊದಲು: ಪರೀಕ್ಷೆ

ಹೆಣಿಗೆಯನ್ನು ಬೆಳಕಿಗೆ ಹಿಡಿದು ತೂತುಗಳಿವೆಯೇ ಎಂದು ನೋಡಿ. ನುಸಿಯ ಮರಿಗಳು ಉಣ್ಣೆಯನ್ನು ತಿನ್ನುತ್ತವೆ, ಅಪ್ಪಟ ಅಕ್ರಿಲಿಕ್ ಅಥವಾ ಹತ್ತಿಯ ನೂಲಿನ ಗೊಡವೆಗೆ ಹೋಗುವುದಿಲ್ಲ. ನುಸಿ ಗುಳಿಗೆಗಳನ್ನು ನಾನಂತೂ ಹೆಣಿಗೆಯ ಚೀಲಕ್ಕೆ ಹಾಕುವುದಿಲ್ಲ. ಅದರ ವಾಸನೆ ಎರಡು ಸಲ ತೊಳೆದರೂ ಬಿಡುವುದಿಲ್ಲ. ಲೋಹದ ಕಡ್ಡಿ ತುಕ್ಕು ಹಿಡಿದಿದ್ದರೆ ಕುಣಿಕೆಗಳನ್ನು ಬೇರೆ ಕಡ್ಡಿಗೆ ದಾಟಿಸಿ.

ಎರಡನೆಯದು: ಬೇಕೋ, ಬೇಡವೋ

ಮುಗಿದ ಮೇಲೆ ಇದನ್ನು ಯಾರಾದರೂ ತೊಡುತ್ತಾರೆಯೇ? ಇಲ್ಲವೆನಿಸಿದರೆ ನೇರವಾಗಿ ಬಿಚ್ಚುವ ಹಂತಕ್ಕೆ ಹೋಗಿ. ಇಷ್ಟು ಹೆಣೆದಾಗಿದೆಯಲ್ಲ ಎಂಬ ಮುಲಾಜಿಗೆ ಮುಗಿಸಿದ ಸ್ವೆಟರು ಬೀರುವಿನಲ್ಲಿ ಇನ್ನಷ್ಟು ಜಾಗ ಹಿಡಿಯುತ್ತದೆ, ಅಷ್ಟೇ.

ಮೂರನೆಯದು: ಎಲ್ಲಿ ನಿಂತಿದೆ ಎಂದು ಓದುವುದು

ಎಲ್ಲರೂ ಎಡವುವುದು ಇಲ್ಲಿಯೇ. ಪ್ಯಾಟರ್ನ್ ಹಾಳೆಯನ್ನು ಬಿಡಿಸಿಕೊಂಡು ನೆನಪಿನಿಂದ ಊಹಿಸಬೇಡಿ. ಎಷ್ಟು ಹೆಣೆದಿದ್ದೀರಿ ಎಂಬುದನ್ನು ಬಟ್ಟೆಯೇ ಹೇಳುತ್ತದೆ. ಮೊದಲು ದಿಕ್ಕು ನೋಡಿಕೊಳ್ಳಿ. ಸಾಲಿನ ಮಧ್ಯದಲ್ಲಿ ಬಿಟ್ಟಿದ್ದರೆ, ಉಂಡೆಯ ನೂಲು ಯಾವ ಕಡ್ಡಿಯ ಕುಣಿಕೆಯಿಂದ ಹೊರಟಿದೆಯೋ ಆ ಕಡ್ಡಿ ಬಲಗೈಗೆ ಬರಬೇಕು. ತಿರುಗುಮುರುಗಾಗಿ ಹಿಡಿದು ಹೆಣೆದರೆ ಒಂದು ಬದಿ ಎರಡು ಸಾಲು ಎತ್ತರವಾಗಿ, ತಿರುಗಿದ ಜಾಗದಲ್ಲಿ ತೂತು ಬೀಳುತ್ತದೆ. ಅದು ಕಣ್ಣಿಗೆ ಕಾಣುವುದು ಒಂದು ಗೇಣು ಹೆಣೆದಾದ ಮೇಲೆ.

ಅನಂತರ ಸಾಲುಗಳನ್ನು ಎಣಿಸಿ. ಮುಂಬದಿ ನಿಟ್ (ನೇರ ಕುಣಿಕೆ), ಹಿಂಬದಿ ಪರ್ಲ್ (ಉಲ್ಟಾ ಕುಣಿಕೆ) ಇರುವ ಸಾದಾ ಹೆಣಿಗೆಯಲ್ಲಿ ಒಂದರ ಮೇಲೊಂದು ನಿಂತ V ಆಕಾರದ ಕವೆಗಳಲ್ಲಿ ಪ್ರತಿಯೊಂದೂ ಒಂದು ಸಾಲು. ಕಡ್ಡಿಯ ಮೇಲಿರುವ ಕುಣಿಕೆಯೂ ಲೆಕ್ಕಕ್ಕೆ ಸೇರುತ್ತದೆ, ಬುಡದ ಅಂಚು ಸೇರುವುದಿಲ್ಲ. ಎರಡೂ ಬದಿ ನಿಟ್ ಇರುವ ಹೆಣಿಗೆಯಲ್ಲಿ ಒಂದು ಏರಿಗೆ ಎರಡು ಸಾಲು. ಜಡೆ ವಿನ್ಯಾಸವಿದ್ದರೆ, ಕೊನೆಯ ಬಾರಿ ಕುಣಿಕೆಗಳು ಒಂದನ್ನೊಂದು ದಾಟಿದ ಜಾಗದ ಬದಿಯಲ್ಲಿ ಬೆರಳು ತೂರುವಷ್ಟು ಚಿಕ್ಕ ಕಿಂಡಿ ಇರುತ್ತದೆ. ಜಡೆ ತಿರುಗಿದ್ದು ಅಲ್ಲಿ ಎಂದು ಗುರುತು ಮಾಡಿಕೊಂಡು ಅಲ್ಲಿಂದ ಮೇಲಕ್ಕೆ ಎಣಿಸಿ. ಎರಡು ಕುಣಿಕೆಗಳನ್ನು ಸೇರಿಸಿ ನಿಟ್ ಮಾಡಿ ಕುಣಿಕೆಗಳ ಸಂಖ್ಯೆ ಇಳಿಸಿದ ಕಡೆಯಲ್ಲಿ ಬಲಕ್ಕೆ ವಾಲಿದ ಗುರುತು ಕಾಣುತ್ತದೆ. ಅಂಥ ಗುರುತುಗಳನ್ನು ಎಣಿಸಿದರೆ ಕಂಕುಳಿನ ಎಷ್ಟನೆಯ ಇಳಿಕೆಯಲ್ಲಿದ್ದೀರಿ ಎಂಬುದು ತಿಳಿಯುತ್ತದೆ. ಕೊನೆಗೆ ಕಡ್ಡಿಯ ಮೇಲಿನ ಕುಣಿಕೆಗಳ ಸಂಖ್ಯೆಯನ್ನು ಪ್ಯಾಟರ್ನಿನ ಸಂಖ್ಯೆಯೊಂದಿಗೆ ತಾಳೆ ನೋಡಿ. ಬಹಳಷ್ಟು ಸಲ ಈ ಎರಡು ಸಂಖ್ಯೆಗಳು ಕೂಡುವುದಿಲ್ಲ. ನಿಮ್ಮ ಉತ್ಸಾಹ ಸೊರಗಿದ ಸಾಲು ಹೆಚ್ಚಾಗಿ ಅದರ ಆಸುಪಾಸಿನಲ್ಲಿಯೇ ಇರುತ್ತದೆ.

ನಾಲ್ಕನೆಯದು: ಕಡ್ಡಿ ಮತ್ತು ಬಿಗಿತ

ಹೆಣಿಗೆಯಿಂದ ಕಡ್ಡಿಯನ್ನು ಎರವಲು ಪಡೆದು ಬೇರೆಡೆ ಬಳಸಿದ್ದರೆ, ಅಂದಾಜಿನ ಮೇಲೆ ಇನ್ನೊಂದನ್ನು ಹಾಕಬೇಡಿ. ಕಡ್ಡಿಯ ಮೇಲಿನ ನಂಬರನ್ನಂತೂ ನಂಬಲೇಬೇಡಿ: ಹಳೆಯ ಬ್ರಿಟಿಷ್ ಲೆಕ್ಕದಲ್ಲಿ 8 ಎಂದರೆ 4 ಮಿ.ಮೀ., ಅಮೆರಿಕನ್ ಲೆಕ್ಕದಲ್ಲಿ ಅದೇ 8 ಎಂದರೆ 5 ಮಿ.ಮೀ. ಮೊದಲನೆಯದರಲ್ಲಿ ನಂಬರು ಹೆಚ್ಚಿದಷ್ಟೂ ಕಡ್ಡಿ ತೆಳುವಾಗುತ್ತದೆ, ಎರಡನೆಯದರಲ್ಲಿ ದಪ್ಪವಾಗುತ್ತದೆ. ಮಿ.ಮೀ. ಅಳತೆಯನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳಿ.

ಕಡ್ಡಿ ಅದೇ ಇದ್ದರೂ ಕೈಯ ಬಿಗಿತ ಬದಲಾಗಿರಬಹುದು. 10 ಸೆಂ.ಮೀ.ಗೆ 22 ಕುಣಿಕೆಯ ಲೆಕ್ಕದಲ್ಲಿ 220 ಕುಣಿಕೆಗಳು 100 ಸೆಂ.ಮೀ. ಸುತ್ತಳತೆ ಕೊಡುತ್ತವೆ, ಈಗ ನಿಮ್ಮ ಕೈಯಲ್ಲಿ 20 ಕುಣಿಕೆಯೇ ಅಷ್ಟಗಲ ಬಂದರೆ ಅದೇ ಸ್ವೆಟರು 110 ಸೆಂ.ಮೀ. ಆಗುತ್ತದೆ. ಹಾಗಾಗಿ ಬೇರೆ ನೂಲಿನಲ್ಲಲ್ಲ, ಅದೇ ನೂಲಿನಲ್ಲಿ ಒಂದು ಚೌಕ ಹೆಣೆದು ಅಳೆಯಿರಿ. ಬಿಗಿತ ಹೊಂದುವ ಕಡ್ಡಿ ಸಿಗುವವರೆಗೆ ಸ್ವೆಟರನ್ನು ಮುಟ್ಟಬೇಡಿ. ತಂತಿ ಮತ್ತು ಕಡ್ಡಿ ಸೇರುವ ಕಡೆ ತೊಡರುವ ಅಗ್ಗದ ವೃತ್ತಾಕಾರದ ಕಡ್ಡಿಗಳು ಎಷ್ಟೋ ಹೆಣಿಗೆಗಳನ್ನು ನಡುವೆಯೇ ನಿಲ್ಲಿಸಿವೆ. ಪ್ರತಿ ಸಾಲಿನಲ್ಲೂ ಕುಣಿಕೆಗಳನ್ನು ಬೆರಳಿನಿಂದ ತಳ್ಳುವ ಕೆಲಸವಿದ್ದರೆ ಯಾರಿಗಾದರೂ ಬೇಸರ ಬರುತ್ತದೆ. ಅಂಥದ್ದನ್ನು ಎಸೆದುಬಿಡಿ.

ಐದನೆಯದು: ಹಿಂದಕ್ಕೆ ಹೋಗಿ ಮುಂದುವರಿಯುವುದು

ಬಹುಕಾಲ ಕಡ್ಡಿಯ ಮೇಲೆ ಕೂತ ಸಾಲು ಜಗ್ಗಿ, ಮುಗಿದ ಬಟ್ಟೆಯಲ್ಲಿ ಅಡ್ಡಗೆರೆಯಾಗಿ ಉಳಿಯುತ್ತದೆ. ಆದ್ದರಿಂದ ಎರಡು ಸಾಲು ಬಿಚ್ಚಿಯೇ ಶುರು ಮಾಡಿ. ಬಿಚ್ಚುವ ಮೊದಲು ಕೆಳಗಿನ ಒಂದು ಸಾಲಿನ ಎಲ್ಲ ಕುಣಿಕೆಗಳ ಮೂಲಕ ಬೇರೆ ಬಣ್ಣದ ನುಣುಪಾದ ಹತ್ತಿ ದಾರವನ್ನು ಸೂಜಿಯಿಂದ ಹಾಯಿಸಿಟ್ಟರೆ, ಅದಕ್ಕಿಂತ ಕೆಳಗೆ ಏನೂ ಬಿಚ್ಚಿಹೋಗುವುದಿಲ್ಲ. ಈ ದಾರ ಹಾಕುವುದು ಸಮಯ ದಂಡವೆನ್ನುವವರ ಮಾತಿಗೆ ಕಿವಿಗೊಡಬೇಡಿ. ಕುಣಿಕೆಗಳನ್ನು ಮರಳಿ ಎತ್ತಿಕೊಳ್ಳಲು ತೆಳುವಾದ ಕಡ್ಡಿ ಬಳಸಿ. ಪ್ರತಿ ಕುಣಿಕೆಯ ಬಲಗಾಲು, ಅಂದರೆ ಬಲಬದಿಯ ಎಳೆ, ಕಡ್ಡಿಯ ಮುಂದಿರಬೇಕು. ಹಿಂದಿದ್ದರೆ ಅದನ್ನು ಹಿಂಗಾಲಿನಿಂದಲೇ ಹೆಣೆಯಿರಿ, ತಿರುಚು ಬಿಡುತ್ತದೆ.

ನೂಲು ಸಾಲದೆ ಹೊಸ ಉಂಡೆ ತಂದಿದ್ದರೆ, ಬಣ್ಣದ ಬ್ಯಾಚ್ ಬೇರೆಯಾಗಿ ಛಾಯೆ ಕೂಡದೆ ಇರಬಹುದು. ಹಳೆಯ ನೂಲು ಪೂರ್ತಿ ಮುಗಿಯುವ ಮೊದಲೇ ಎರಡು ಸಾಲು ಹಳೆಯದು, ಎರಡು ಸಾಲು ಹೊಸದು ಎಂದು ಬೆರೆಸುತ್ತ ಹೋಗಿ.

ತೋಳುಗಳನ್ನು ನನ್ನ ಮಟ್ಟಿಗೆ ಒಂದಾದ ಮೇಲೊಂದು ಹೆಣೆಯಲೇಬಾರದು. ಒಂದೇ ಉದ್ದದ ಕಡ್ಡಿಯ ಮೇಲೆ, ಎರಡು ಬೇರೆ ಉಂಡೆಗಳಿಂದ, ಎರಡನ್ನೂ ಜೊತೆಯಾಗಿ ಹೆಣೆಯಿರಿ. ಮೊದಲನೆಯದನ್ನು ಮುಗಿಸಿ ಎರಡನೆಯದಕ್ಕೆ ಕೈಹಾಕದವರ ಒಂಟಿ ತೋಳುಗಳೂ ಒಂಟಿ ಕಾಲುಚೀಲಗಳೂ ಲೆಕ್ಕವಿಲ್ಲದಷ್ಟಿವೆ.

ಬಿಚ್ಚುವುದೇ ಸರಿಯೆನಿಸಿದರೆ

ಬಿಚ್ಚಿದ ಉಣ್ಣೆ ನೂಲನ್ನು ಕುರ್ಚಿಯ ಬೆನ್ನಿಗೆ ಲಡಿಯಾಗಿ ಸುತ್ತಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಹಿಂಡದೆ ಟವೆಲ್ಲಿನಲ್ಲಿ ಒತ್ತಿ, ನೇತುಹಾಕಿ ಒಣಗಿಸಿದರೆ ಸುರುಳಿಗಳು ಬಹುಪಾಲು ನೇರವಾಗುತ್ತವೆ. ಇಸ್ತ್ರಿಯ ಬಿಸಿಹಬೆಯಿಂದ ಅವಸರ ಮಾಡುವವರು ನೂಲಿನ ಲೇಬಲ್ ಓದಿಕೊಳ್ಳಲಿ: ಅಕ್ರಿಲಿಕ್ ಆಗಿದ್ದರೆ ಹೆಚ್ಚು ಬಿಸಿಗೆ ಅದು ತನ್ನ ಪುಟಿತವನ್ನು ಕಳೆದುಕೊಂಡು ಜೋತುಬೀಳುತ್ತದೆ, ಮತ್ತೆ ಮೊದಲಿನಂತಾಗುವುದಿಲ್ಲ. ಆಡಿನ ನವಿರು ಕೂದಲಿನ ನೂಲಾದ ಮೊಹೇರ್‌ನ ಎಳೆಗಳು ಒಂದಕ್ಕೊಂದು ಸಿಕ್ಕಿಕೊಂಡಿರುವುದರಿಂದ ಅದನ್ನು ಸಾಲುಸಾಲಾಗಿ, ತೊಡರಿದ ಕಡೆ ಸಣ್ಣ ಕತ್ತರಿಯಿಂದ ನವಿರು ರೋಮಗಳನ್ನಷ್ಟೇ ಬಿಡಿಸುತ್ತ, ಹಗಲು ಬೆಳಕಿನಲ್ಲಿ ಬಿಚ್ಚಬೇಕು.