ಸ್ಪ್ಯಾಮ್ ಮೆಸೇಜಿನ ಬಗ್ಗೆ 1909 ನಂಬರಿಗೆ ದೂರು ಕೊಡುವುದು ಹೀಗೆ

ಸಾಲ ಬೇಕೇ, ಸೈಟು ಬೇಕೇ ಎಂದು ಬರುವ ಎಸ್‌ಎಂಎಸ್‌ ಅನ್ನು ಸಿಟ್ಟಿನಲ್ಲಿ ಡಿಲೀಟ್ ಮಾಡಬೇಡಿ; ದೂರಿಗೆ ಬೇಕಾದ ಸಾಕ್ಷಿಯೇ ಅದು. ಮೊದಲು ಕಳಿಸಿದವರು ಯಾರೆಂದು ನೋಡಿ. ಹೆಡರ್ (ನಂಬರಿನ ಬದಲು ಕಾಣುವ ಕಳಿಸಿದವರ ಹೆಸರು) ಕೊನೆಗೆ ‘ಪಿ’ ಇದ್ದರೆ ಜಾಹೀರಾತು, ‘ಎಸ್’ ಸೇವೆ, ‘ಟಿ’ ವಹಿವಾಟು, ‘ಜಿ’ ಸರ್ಕಾರ. ಮಾಮೂಲಿ ಹತ್ತು ಅಂಕಿಯ ನಂಬರಿನಿಂದ ಜಾಹೀರಾತು ಬಂದರೆ ಕಳಿಸಿದವರು ನೋಂದಣಿ ಇಲ್ಲದವರು. ನೀವು ಡಿಎನ್‌ಡಿ (ಜಾಹೀರಾತು ಬೇಡವೆಂಬ ನೋಂದಣಿ) ಹಾಕಿಸದಿದ್ದರೂ ಅಂಥವರ ಮೇಲೆ ದೂರು ನಡೆಯುತ್ತದೆ.

ಹೊಸ ಎಸ್‌ಎಂಎಸ್‌ನಲ್ಲಿ ಮೆಸೇಜಿನ ಸಾರಾಂಶ, ಅಲ್ಪವಿರಾಮ, ಕಳಿಸಿದವರ ನಂಬರ್ ಅಥವಾ ಹೆಡರ್, ಅಲ್ಪವಿರಾಮ, ಬಂದ ದಿನಾಂಕ ಬರೆದು 1909ಕ್ಕೆ ಕಳಿಸಿ. ದಿನಾಂಕ ದಿನ/ತಿಂಗಳು/ವರ್ಷ ಕ್ರಮದಲ್ಲಿ, ಎರಡೆರಡು ಅಂಕಿಯಲ್ಲಿರಲಿ. ಕರೆಗಳಿಗೂ ಇದೇ ದಾರಿ. ಎರಡು ಸಿಮ್ ಇರುವವರು ಎಡವುವುದು ಇಲ್ಲೇ: ಮೆಸೇಜು ಬಂದ ಸಿಮ್ಮಿನಿಂದಲೇ ದೂರು ಹೋಗಬೇಕು. ಗಡುವು 7 ದಿನ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2025ರಲ್ಲಿ ನಿಯಮ ತಿದ್ದುವ ಮುಂಚೆ ಮೂರೇ ದಿನವಿತ್ತು. ಟ್ರಾಯ್ ಡಿಎನ್‌ಡಿ ಆ್ಯಪ್‌ನಲ್ಲೂ ದೂರು ಕೊಡಬಹುದು, ಟೈಪಿಂಗ್ ಗೋಜು ಕಡಿಮೆ.

ಆದರೆ ‘ಕೆವೈಸಿ ಅವಧಿ ಮುಗಿದಿದೆ, ಲಿಂಕ್ ಒತ್ತಿ’ ಎಂಬಂಥದ್ದು ಬರೀ ಕಿರಿಕಿರಿಯಲ್ಲ, ವಂಚನೆ. ಅದನ್ನು ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದ ‘ಚಕ್ಷು’ ವಿಭಾಗದಲ್ಲಿ ಸ್ಕ್ರೀನ್‌ಶಾಟ್ ಸಮೇತ ದಾಖಲಿಸಿ. ವಾಟ್ಸ್‌ಆ್ಯಪ್ ಮೆಸೇಜಿಗೂ ಅಲ್ಲಿ ಜಾಗವಿದೆ. ದುಡ್ಡು ಹೋಗಿಯೇಬಿಟ್ಟಿದ್ದರೆ ಇದ್ಯಾವುದೂ ಬೇಡ, ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.